ಬೇಡವೆಂದು ಬರೆದುಕೊಟ್ಟ ಬಡ್ತಿ

ಹೊಸ್ತಿಲಿನಿಂದ ಶುರುವಾದ ಹೆಜ್ಜೆಗಳು ನಡುಮನೆಯ ಅರ್ಧಕ್ಕೆ ಬರುವಾಗ ಸುಕಾಂತಿಯ ಸೊಂಟ ಹಿಡಿದುಕೊಂಡಿತು. ಅಕ್ಕಿಹಿಟ್ಟಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಒಂದು ಕೈ ನೆಲಕ್ಕೂರಿ, ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿಕೊಂಡಳು. ಮಾರ್ಗಶಿರದ ಮೊದಲ ಗುರುವಾರ. ನೆಲ ಸಿಮೆಂಟಿನದಾದ ಮೇಲೆ ಸಗಣಿ ಸಾರಿಸುವುದು ಬೇಡ, ಒರೆಸಿದರೆ ಸಾಕು ಎಂದು ಅತ್ತೆಯೇ ವಿನಾಯಿತಿ ಕೊಟ್ಟಿದ್ದರು. ಹೆಜ್ಜೆಗೆ ಮಾತ್ರ ವಿನಾಯಿತಿ ಇರಲಿಲ್ಲ. ಬೆಳಕು ಹರಿಯುವ ಮೊದಲು ಲಕ್ಷ್ಮಿ ಹೊಸ್ತಿಲು ದಾಟಿ, ನಡುಮನೆ ಹಾದು, ಹೊಸ ಭತ್ತ ತುಂಬಿಟ್ಟ ಬೆತ್ತದ ಅಳತೆಬುಟ್ಟಿ ‘ಮಾನ’ದವರೆಗೆ ನಡೆದು ಬಂದಿರಬೇಕು.

ಅತ್ತೆ ಗೋಡೆಗೊರಗಿ ಕಾಲು ನೀಡಿ ಕೂತು ನೋಡುತ್ತಿದ್ದರು. ಸೊಸೆಯನ್ನು ಅವರು ಹೆಸರಿಟ್ಟು ಕರೆದವರೇ ಅಲ್ಲ. ಬಂದ ದಿನದಿಂದ ಬೊಹು, ಅಷ್ಟೆ.

"ಈ ಸಲಾನೂ ಇಷ್ಟೇ ಇಷ್ಟು ಮಾಡಿದೀಯಲ್ಲ ಬೊಹು. ಲಕ್ಷ್ಮಿ ಅಂದ್ರೆ ತುಂಬಿದ ಹೆಂಗಸು. ಇದು ಮಗುವಿನ ಪಾದ."

"ಮುಂದಿನ ವಾರ ದೊಡ್ಡದು ಮಾಡ್ತೀನಿ ಅತ್ತೆ."

"ಹೋದ ವರ್ಷಾನೂ ಹೀಗೇ ಅಂದೆ." ಮುದುಕಿ ಹಿಂದಕ್ಕೆ ಕತ್ತು ತಿರುಗಿಸಿ, "ಹಿತ್ತಿಲ ಬಾಗಿಲು ಹಾಕಿದೀಯಾ?" ಎಂದರು.

"ಹಾಕಿದೆ."

"ಅಗುಳಿ?"

"ಅದೂ ಹಾಕಿದೆ."

ಸುಕಾಂತಿ ಮತ್ತೆ ಬಗ್ಗಿ, ಬಟ್ಟೆಯ ತುಂಡನ್ನು ಹಿಟ್ಟಿನಲ್ಲಿ ಅದ್ದಿ, ಮುಂದಿನ ಹೆಜ್ಜೆ ಬರೆದಳು. ಬೇಕೆಂದೇ ಉದ್ದಕ್ಕೆ ಎಳೆಯಲು ನೋಡಿದಳು. ಕೈ ಅಲ್ಲಿಗೇ ನಿಂತು ತಿರುಗಿಕೊಂಡಿತು. ಅದೇ ಅಳತೆ.

*

ಪೂಜೆ ಮುಗಿಯುವ ಹೊತ್ತಿಗೆ ಬಿಂಬಾಧರ ಸ್ನಾನ ಮಾಡಿ, ಶಾಲು ಹೊದ್ದು, ಊಟದ ಮೇಜಿನ ಮುಂದೆ ಕೂತಿದ್ದ. ನೀರಾವರಿ ಕಚೇರಿಯಿಂದ ನಿವೃತ್ತನಾಗಿ ಒಂದು ವರ್ಷವಾಗಿದ್ದರೂ ಬೆಳಿಗ್ಗೆ ಅದೇ ಹೊತ್ತಿಗೆ ತಿಂಡಿ ಆಗಬೇಕಿತ್ತು. ಮಗಳು ಲಿಪಿ ಅಡುಗೆಮನೆಯಿಂದ ಮಂಡಾ ಪೀಠಾದ ತಟ್ಟೆ ತಂದಿಟ್ಟಳು. ತೆಂಗಿನಕಾಯಿ ಬೆಲ್ಲದ ಹೂರಣದ ಬಿಸಿ ಕಡುಬುಗಳಿಂದ ಹಬೆ ಏಳುತ್ತಿತ್ತು.

"ಜೇಜೆಮಾ, ಮದುವೆಯಾದ ಮೇಲೆ ಇದರಲ್ಲಿ ಒಂದು ತುಣುಕೂ ನಂಗೆ ಕೊಡಲ್ಲ ಅಲ್ವಾ?" ಎಂದಳು ಲಿಪಿ, ಅಜ್ಜಿಯ ಕಡೆ ತಿರುಗಿ.

"ಕೊಡೋ ಹಾಗಿಲ್ಲ ತಾಯಿ. ಈ ಗುರುವಾರದ ಪ್ರಸಾದ ಈ ಮನೆಯವರಿಗೇ. ಕೊಟ್ಟ ಹೆಣ್ಣುಮಗಳು ಹೊರಗಿನವಳು."

"ಹಾಗಾದ್ರೆ ಬಡ್ಡಿ ಸಮೇತ ಈಗಲೇ ತಿಂದುಬಿಡ್ತೀನಿ," ಎಂದು ಲಿಪಿ ಎರಡು ಕೈಯಲ್ಲೂ ಒಂದೊಂದು ಎತ್ತಿಕೊಂಡಳು. ಮುದುಕಿ ನಗುತ್ತಾ ತಟ್ಟೆಯಿಂದ ಒಂದನ್ನು ತೆಗೆದು ಬಾಳೆ ಎಲೆಯ ಚೂರಿನ ಮೇಲಿಟ್ಟು ಪಕ್ಕಕ್ಕೆ ಸರಿಸಿದರು. ಯಾರೂ ಅದನ್ನು ನೋಡಲಿಲ್ಲ. ನೋಡದೆ ಇರುವುದು ಆ ಮನೆಗೆ ರೂಢಿಯಾಗಿತ್ತು.

ಬಿಂಬಾಧರ ಬಾಯಿ ಒರೆಸಿಕೊಂಡು ಜೇಬಿನಿಂದ ಮಡಿಸಿದ ಕಾಗದ ತೆಗೆದ.

"ಸುಕಾಂತಿ, ಇದಕ್ಕೊಂದು ಸಹಿ ಹಾಕು. ನಿಮ್ಮ ಆಸ್ಪತ್ರೆ ಕಚೇರಿಯ ನಂದಬಾಬು ಹತ್ತಿರ ಮಾತಾಡಿದೀನಿ. ದಾರಿ ಇದೆ ಅಂದ."

ದಾರಿ ಯಾವುದಕ್ಕೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸೋಮವಾರ ಬಡ್ತಿಯ ಪಟ್ಟಿ ಬಂದಿತ್ತು. ಜಿಲ್ಲಾಸ್ಪತ್ರೆಯ ಹೆರಿಗೆ ವಾರ್ಡಿನ ನರ್ಸ್ ಸುಕಾಂತಿ ಮಹಾಂತಿಯ ಹೆಸರು ಅದರಲ್ಲಿತ್ತು. ನರ್ಸುಗಳ ಮೇಲ್ವಿಚಾರಣೆಯ ಸಿಸ್ಟರ್ ಹುದ್ದೆ, ಕೋರಾಪುಟ್ ಕಡೆಯ ಬೆಟ್ಟದ ಊರು. ಸಮುದ್ರದ ಬದಿಯ ಕೇಂದ್ರಪಾಡಾದಿಂದ ರಾಜ್ಯದ ಆ ತುದಿಗೆ. ಒಪ್ಪುವುದಾದರೆ ತಿಂಗಳ ಕೊನೆಯ ಶುಕ್ರವಾರದೊಳಗೆ ಒಪ್ಪಿಗೆ ಕೊಡಬೇಕು.

ಇದೇ ಹುದ್ದೆ, ಇದೇ ಊರು ಹಿಂದೆಯೂ ಒಮ್ಮೆ ಬಂದಿತ್ತು. ಮಗ ಟುಕುನಾಗೆ ನಾಲ್ಕು ತುಂಬಿದ ಚಳಿಗಾಲ ಅದು. ಆಗ ಬಿಂಬಾಧರ, "ಹೋಗೋದ್ಯಾಕೆ? ಬಡ್ತಿ ಸಿಗದವರಿಗೆ ಹತ್ತು, ಇಪ್ಪತ್ತು, ಮೂವತ್ತು ವರ್ಷಕ್ಕೆ ಮೇಲಿನ ಸ್ಕೇಲು ತಾನಾಗೇ ಬರುತ್ತೆ. ಮನೇಲಿ ಕೂತಿರೋಳಿಗೆ ಅದೇ ಸಂಬಳ ಸಿಗೋವಾಗ ಕಾಡಿಗೆ ಹೋಗೋದು ಪೆದ್ದುತನ" ಎಂದಿದ್ದ. "ಅವಳು ಹೋದ್ರೆ ಒಲೆ ಮುಂದೆ ಯಾರು?" ಎಂದಿದ್ದರು ಅತ್ತೆ. ಬಿಂಬಾಧರ ಒಕ್ಕಣೆ ಬರೆದ, ಸುಕಾಂತಿ ಕೆಳಗೆ ಸಹಿ ಹಾಕಿದಳು: ಬಡ್ತಿ ಬೇಡ. ನಿಯಮದಲ್ಲಿ ಇನ್ನೂ ಒಂದು ಸಾಲಿತ್ತು. ಕೊಟ್ಟ ಬಡ್ತಿಯನ್ನು ಬೇಡವೆಂದವರಿಗೆ ಆಮೇಲಿನ ಸ್ಕೇಲೂ ಇಲ್ಲ. ಜೀವಮಾನವೆಲ್ಲ ನಿಯಮಗಳ ಮಧ್ಯೆ ಕೂತ ಮನುಷ್ಯ ಆ ಸಾಲನ್ನು ಓದಿರಲಿಲ್ಲ. ಅವನಿಗೆ ಮಾತ್ರ ಮೂರೂ ಸ್ಕೇಲು ತಪ್ಪದೆ ಬಂದವು, ಕೂತ ಕುರ್ಚಿ ಬದಲಾಗದೆ. ಅವಳದು ನಿಂತಲ್ಲೇ ನಿಂತಿತು. ಕೇಳಿದರೆ, "ಆಗ ರೂಲು ಬೇರೆ ಇತ್ತು" ಎನ್ನುತ್ತಿದ್ದ.

"ಏನು ಬರೆದಿದೀರಿ?" ಸುಕಾಂತಿ ಕೇಳಿದಳು. ಕಾಗದ ಮುಟ್ಟಲಿಲ್ಲ.

"ತೀರಾ ಅನಿವಾರ್ಯ ಇತ್ತು, ಅದಕ್ಕೇ ಆಗ ಹೋಗಲಿಲ್ಲ ಅಂತ ತೋರಿಸಿದ್ರೆ ತಡೆದಿಟ್ಟ ಸ್ಕೇಲು ಕೊಡಬಹುದಂತೆ. ಹಿಂದಿನ ಬಾಕಿ ಸಮೇತ. ಈಗಿನ ಬಡ್ತಿಯನ್ನೂ ಹಾಗೇ ಬೇಡ ಅನ್ನಬಹುದು, ನಷ್ಟ ಇಲ್ಲದೆ. ಈಗಿನದಕ್ಕೆ ಅಮ್ಮ ಇದಾಳೆ. ವಯಸ್ಸಾಗಿದೆ, ನೆನಪಿಲ್ಲ, ನೋಡ್ಕೊಳ್ಳೋರು ಬೇಕು. ಸುಳ್ಳೇನಲ್ಲ."

"ಆಗಿನದಕ್ಕೆ?"

ಬಿಂಬಾಧರ ನೀರು ಕುಡಿದ. "ಆಗಿನದಕ್ಕೆ ಟುಕುನಾ. ಮಗನಿಗೆ ಕಾಯಿಲೆ ಇತ್ತು, ಬಿಟ್ಟು ಹೋಗೋಕಾಗಲಿಲ್ಲ, ಆಮೇಲೆ ಮಗು ಉಳಿಯಲಿಲ್ಲ ಅಂತ." ಮೆಲ್ಲಗೆ, ಕಚೇರಿಯಲ್ಲಿ ಮಾತಾಡುವ ದನಿಯಲ್ಲಿ ಸೇರಿಸಿದ: "ತಾರೀಖೂ ಸರಿಯಾಗಿ ಹೊಂದುತ್ತೆ."

ಲಿಪಿಯ ಕೈಯಲ್ಲಿದ್ದ ಕಡುಬು ಅಲ್ಲೇ ನಿಂತಿತು.

"ಇವತ್ತು ಗುರುವಾರ," ಎಂದಳು ಸುಕಾಂತಿ, ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಾ. "ಮನೆಯಿಂದ ಏನೂ ಆಚೆ ಹೋಗೋ ಹಾಗಿಲ್ಲ. ಒಂದು ಕಾಳೂ ಇಲ್ಲ, ಕಾಗದಾನೂ ಇಲ್ಲ."

"ಸರಿ, ನಾಳೆ ಹಾಕು. ನಾಳೆ ಅಂದ್ರೆ ನಾಳೆ."

*

ನಾಳೆ ಬಂತು, ಹೋಯಿತು. ವಾರ್ಡಿನಲ್ಲಿ ಒಬ್ಬಳು ನರ್ಸ್ ರಜೆ ಹಾಕಿದ್ದರಿಂದ ಸುಕಾಂತಿ ಎರಡು ಪಾಳಿ ಒಟ್ಟಿಗೆ ಮಾಡಿ ಬಂದು ಮಲಗಿಬಿಟ್ಟಳು. ಭಾನುವಾರ ಬಿಸಿಲು ಚೆನ್ನಾಗಿತ್ತು. ಉದ್ದಿನ ಬೇಳೆಯನ್ನು ಬೂದುಗುಂಬಳದ ಜೊತೆ ರುಬ್ಬಿ, ಬಡಿ ಎನ್ನುವ ಸಂಡಿಗೆ ಇಡಲು ಮೂವರು ಹೆಂಗಸರೂ ಮಾಳಿಗೆ ಹತ್ತಿದರು.

ಮಾಳಿಗೆಯ ನಾಲ್ಕು ಮೂಲೆಗಳಲ್ಲೂ ಕಬ್ಬಿಣದ ಕಂಬಿಗಳು ಆಕಾಶಕ್ಕೆ ಮುಖ ಮಾಡಿ ನಿಂತಿದ್ದವು. ಮೇಲಂತಸ್ತು ಕಟ್ಟಿಸುವ ಆಸೆಯಿಂದ ಬಿಂಬಾಧರ ಉಳಿಸಿದ್ದ ಅವು ತುಕ್ಕು ಹಿಡಿದಿದ್ದವು. ಲಿಪಿಯ ಸಂಬಂಧ ನೋಡಲು ಬರುವವರಿಗೆ ಮನೆ ಮನೆಯ ಹಾಗೆ ಕಾಣಬೇಕು ಎನ್ನುವುದು ಅವನ ವಾದ.

"ಇವಕ್ಕಾದ್ರೂ ಸ್ಕೇಲು ಕೊಡಿಸಬೇಕು ಬಾಪಾ," ಲಿಪಿ ಒಂದು ಕಂಬಿಗೆ ಹಗ್ಗ ಕಟ್ಟುತ್ತಾ ಅಂದಳು, ಅವನು ಅಲ್ಲಿಲ್ಲದಿದ್ದರೂ. "ಎಷ್ಟು ವರ್ಷದಿಂದ ನಿಂತಲ್ಲೇ ನಿಂತಿವೆ ಪಾಪ."

ಅತ್ತೆ ಹಳೆಯ ಪಂಚೆಯ ಮೇಲೆ ಹಿಟ್ಟನ್ನು ಚಿಟಿಕೆ ಚಿಟಿಕೆಯಾಗಿ ಇಡುತ್ತಿದ್ದರು. ಮರೆವು ತಲೆಗೆ ಬಂದಿತ್ತೇ ಹೊರತು ಕೈಗೆ ಬಂದಿರಲಿಲ್ಲ. ಪ್ರತಿ ಬಡಿಯ ನೆತ್ತಿಯೂ ಗೋಪುರದ ಹಾಗೆ ಚೂಪಾಗಿ ಏಳುತ್ತಿತ್ತು. ಮಾಳಿಗೆಯ ಹಿಂಬದಿಗೆ ಮಾತ್ರ ಅವರು ಬೆನ್ನು ಹಾಕಿ ಕೂತಿದ್ದರು. ಅಲ್ಲಿಂದ ಪೊಖರಿ ಕಾಣುತ್ತದೆ. ದಾಯಾದಿಗಳಿಗೆಲ್ಲ ಸೇರಿದ ಕೊಳ. ಮುಚ್ಚಿಸಲು ಯಾರೂ ಒಪ್ಪಿರಲಿಲ್ಲ. ಬಿಂಬಾಧರ ಆ ವರ್ಷವೇ ಹಿತ್ತಿಲಿಗೆ ಆಳೆತ್ತರದ ಗೋಡೆ ಕಟ್ಟಿಸಿದ. ಕೆಳಗಿದ್ದರೆ ನೀರು ಕಾಣುವುದಿಲ್ಲ. ಬಟ್ಟೆ ಒಗೆಯುವ ಸದ್ದು, ಮೀನು ಮೇಲೆದ್ದು ಬಿದ್ದ ಸದ್ದು ಮಾತ್ರ ಗೋಡೆ ದಾಟಿ ಬರುತ್ತಿತ್ತು. ಹಾಗೆ ನೀರು ಸದ್ದು ಮಾಡಿದಾಗಲೆಲ್ಲ ಮನೆಯಲ್ಲಿ ನಡೆಯುತ್ತಿದ್ದ ಮಾತು ಒಂದು ಕ್ಷಣ ನಿಂತು ಮತ್ತೆ ಮುಂದುವರಿಯುತ್ತಿತ್ತು.

"ಮಾ, ಒಂದು ಕೇಳ್ಲಾ?"

"ಬಡಿ ದೂರದೂರ ಇಡು. ಅಂಟ್ಕೊಳುತ್ತೆ."

"ಟುಕುನಾಗೆ ಆಗ ಕಾಯಿಲೆ ಇತ್ತಾ?"

ಸುಕಾಂತಿ ಪಾತ್ರೆಯ ತಳ ಬಳಿಯುತ್ತಿದ್ದಳು. "ನಿಂಗೆ ಎಂಟು ವರ್ಷ ಆಗ. ನಿಂಗೇನು ನೆನಪಿರುತ್ತೆ?"

"ಛೆನಾಪೋಡ ನೆನಪಿದೆ. ನಿಂಗೆ ಬಡ್ತಿ ಬಂತು ಅಂತ ಬಾಪಾ ಸ್ವೀಟಂಗಡಿಯಿಂದ ಇಡೀ ಒಂದು ಛೆನಾಪೋಡ ತಂದಿದ್ರು. ಅದರ ಸುಟ್ಟ ಅಂಚೆಲ್ಲ ಟುಕುನಾ ತಾನೇ ಕಿತ್ಕೊಂಡು ತಿಂದ. ನಂಗೆ ಬರೀ ಮಧ್ಯದ ಬಿಳೀದು ಉಳೀತು ಅಂತ ನಾನು ಅತ್ತಿದ್ದೆ. ಕಾಯಿಲೆ ಇರೋ ಮಗು ಹಾಗೆ ತಿನ್ನುತ್ತಾ?"

"ಕಾಯಿಲೆ?" ಅತ್ತೆ ತಲೆಯೆತ್ತಿದರು. "ಯಾರಿಗೆ ಕಾಯಿಲೆ? ಟುಕುನಾ ಬಂದ್ನಾ?"

"ಇಲ್ಲ ಅತ್ತೆ."

"ಹೊತ್ತಾಯ್ತಲ್ಲ, ಎಲ್ಲಿ ಆಡ್ತಿದಾನೋ." ಮುದುಕಿ ಮತ್ತೆ ಬಡಿ ಇಡತೊಡಗಿದರು.

ಲಿಪಿ ಎದ್ದು ಮಾಳಿಗೆಯ ಹಿಂದಕ್ಕೆ ಹೋಗಿ, ಕೆಳಗೆ ನೋಡಿ, ವಾಪಸ್ ಬಂದು ಕೂತಳು. ಬಡಿಗಳನ್ನು ದೂರದೂರ ಇಟ್ಟಳು.

*

ಎರಡನೆಯ ಗುರುವಾರ ಮಧ್ಯಾಹ್ನ ಜಗಳವಾಯಿತು. ಅಕ್ಕಿ-ಬೇಳೆಯ ಖೇಚುಡಿ ಬಡಿಸುತ್ತಿದ್ದಾಗ ಬಿಂಬಾಧರ ಮತ್ತೆ ಕಾಗದದ ಮಾತೆತ್ತಿದ.

"ನಿನ್ನೆ ಹಾಕ್ತೀನಿ ಅಂದೆ. ಮೊನ್ನೆ ಹಾಕ್ತೀನಿ ಅಂದೆ. ಇವತ್ತು ಗುರುವಾರ ಅಂತೀಯ. ನಂದಬಾಬು ನನ್ನ ಮನೆ ಆಳಲ್ಲ, ದಿನಾ ಕಾಯೋಕೆ."

"ನೆಂಚಿಕೊಳ್ಳೋಕೆ ಬದನೆಕಾಯಿ ಹಾಕ್ಲಾ?"

"ಬದನೆಕಾಯಿ ಬೇಡ. ಉತ್ತರ ಹೇಳು."

"ಬಾಪಾ, ಅವನಿಗೆ ಕಾಯಿಲೆ ಇರಲಿಲ್ಲ," ಎಂದಳು ಲಿಪಿ.

"ನೀನು ಊಟ ಮಾಡು."

"ಮಾಡ್ತಾನೇ ಇದೀನಿ. ಅವನಿಗೆ ಕಾಯಿಲೆ ಇರಲಿಲ್ಲ. ನೀವು ಬೇಡ ಅಂತ ಬರೆಸಿದಾಗ ಅವನು ಗಟ್ಟಿಮುಟ್ಟಾಗಿದ್ದ. ಅದಾಗಿ ಎಷ್ಟೋ ತಿಂಗಳಿಗೆ, ರಜ ಹಬ್ಬದಲ್ಲಿ—"

"ಲಿಪಿ!" ಸುಕಾಂತಿ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು.

ಆ ಮನೆಯಲ್ಲಿ ಆ ವಾಕ್ಯವನ್ನು ಯಾರೂ ಪೂರ್ತಿ ಹೇಳಿರಲಿಲ್ಲ. ಮುಂಗಾರಿನ ಆ ಹಬ್ಬಕ್ಕೆ ಮೊದಲ ಮಳೆ ಬಿದ್ದು ಪೊಖರಿ ತುಂಬಿದ್ದು, ಸುಕಾಂತಿಗೆ ಮಧ್ಯಾಹ್ನದ ಪಾಳಿಯಿದ್ದದ್ದು, ಹಬ್ಬದ ಊಟ ಉಂಡು ಅಜ್ಜಿಗೆ ಜೊಂಪು ಹತ್ತಿದ್ದು, ಹಿತ್ತಿಲ ಬಾಗಿಲು ತೆರೆದಿದ್ದದ್ದು. ಅವನ ಚಪ್ಪಲಿ ಕೊಳದ ಮೆಟ್ಟಿಲ ಮೇಲೆ ಜೋಡಿಸಿಟ್ಟ ಹಾಗೆ ಸಿಕ್ಕಿತು.

"ನಿಮ್ಮಮ್ಮನ ಸಂಬಳದಲ್ಲಿ ಯಾರಿಗೆ ಪಾಲು ಬೇಕೀಗ? ನಂಗಾ?" ಬಿಂಬಾಧರನ ದನಿ ಏರಿತು. "ನಂಗೆ ಪೆನ್ಶನ್ ಬರ್ತಿದೆ. ನಂದೇನೂ ನಿಂತಿಲ್ಲ. ಅವಳಿಗೆ ಬರಬೇಕಾದ್ದು, ಅವಳಿಗೇ ಅಂತ ಓಡಾಡ್ತಿದೀನಿ. ತಪ್ಪಾ?"

"ಹಾಗಾದ್ರೆ ಇದ್ದದ್ದನ್ನೇ ಬರೀರಿ. ನನ್ನ ಗಂಡ ರೂಲು ಓದದೆ ಬರೆಸಿದ, ನಾನು ಸಹಿ ಹಾಕಿದೆ ಅಂತ ಬರೀರಿ," ಎಂದಳು ಲಿಪಿ.

ಅವನು ತಟ್ಟೆ ಸರಿಸಿ ಎದ್ದ. ಎದ್ದವನು ಕೈತೊಳೆಯಲು ಅಭ್ಯಾಸಬಲದಿಂದ ಹಿತ್ತಿಲ ಬಾಗಿಲಿನ ಕಡೆ ಎರಡು ಹೆಜ್ಜೆ ಹೋಗಿ, ಅಗುಳಿ ನೋಡಿ, ತಿರುಗಿ ಬಚ್ಚಲಿಗೆ ಹೋದ.

"ಜಗಳ ಬೇಡಪ್ಪಾ, ಗುರುವಾರ," ಎಂದರು ಮುದುಕಿ, ಬಾಳೆ ಎಲೆಯ ಚೂರಿನ ಮೇಲೆ ಒಂದು ತುತ್ತು ಖೇಚುಡಿ ತೆಗೆದಿಡುತ್ತಾ. "ಮಗು ಹೆದರ್ಕೊಳುತ್ತೆ."

*

ಬರೀ ಬಾಯಿಮಾತು ಸಾಲದು, ಡಾಕ್ಟರ ಚೀಟಿ ಇದ್ದರೆ ಗಟ್ಟಿ ಎಂದು ನಂದಬಾಬು ಹೇಳಿದನಂತೆ. ಹಾಗಾಗಿ ಮೂರನೆಯ ವಾರ ಒಂದು ಸಂಜೆ ಬೀದಿಯ ತುದಿಯಲ್ಲಿ ಕ್ಲಿನಿಕ್ ಇಟ್ಟಿದ್ದ ವಯಸ್ಸಾದ ಪಟ್ನಾಯಕ್ ಡಾಕ್ಟರು ಚಹಾಕ್ಕೆ ಬಂದರು. ಅವರಿಗೆ ಇಷ್ಟವೆಂದು ಬಿಂಬಾಧರ ತಾನೇ ಹೋಗಿ ಗರಿಗರಿ ಬರಾ ವಡೆ, ಆಲೂದಮ್ ಕಟ್ಟಿಸಿಕೊಂಡು ಬಂದಿದ್ದ.

"ಮಕ್ಕಳಿಗೆಲ್ಲ ನೀವೇ ನೋಡ್ತಿದ್ರಿ ಆಗ. ಜ್ವರ ಅಂದ್ರೆ ನಿಮ್ಮ ಹತ್ತಿರಾನೇ ಓಡಿ ಬರ್ತಿದ್ವಿ."

"ನೋಡ್ತಿದ್ದೆ, ನೋಡ್ತಿದ್ದೆ," ಎಂದರು ಡಾಕ್ಟರು ಮುಜುಗರದಿಂದ. "ಹಳೇದಲ್ವಾ ಮಹಾಂತಿಬಾಬು. ಏನು ಕಾಯಿಲೆ ಅಂತ ಬರೀಲಿ?"

"ಏನಾದ್ರೂ ದೊಡ್ಡದು. ಎದೆಯಲ್ಲಿ ಕಫ, ನಿತ್ರಾಣ, ಹೀಗೆ. ನಿಮಗೆ ನಾನು ಹೇಳಿಕೊಡಬೇಕಾ?"

ಸುಕಾಂತಿ ಚಹಾದ ಲೋಟ ಇಟ್ಟು ಬಾಗಿಲ ಬಳಿ ನಿಂತಿದ್ದಳು. ಅತ್ತೆ ಮಂಚದ ಮೇಲೆ ಶಾಲು ಹೊದ್ದು ಕೂತಿದ್ದರು. ಮಾತು ಕೇಳಿಸುತ್ತಿದೆಯೆಂದು ಯಾರೂ ಎಣಿಸಿರಲಿಲ್ಲ.

"ಕಫ ಎಲ್ಲಿತ್ತು ಅವನಿಗೆ?" ಮುದುಕಿಯ ದನಿ ಇದ್ದಕ್ಕಿದ್ದಂತೆ ಸ್ಪಷ್ಟವಾಗಿ ಬಂತು. "ಕಲ್ಲಿನ ಹಾಗಿದ್ದ ನನ್ನ ಮೊಮ್ಮಗ. ಪೇರಲೆ ಮರ ಹತ್ತಿ ನನ್ನ ಮೇಲೇ ಕಾಯಿ ಎಸೀತಿದ್ದ. ಅವನಿಗೆ ಏನೂ ಆಗಿರಲಿಲ್ಲ ಡಾಕ್ಟರೇ. ಬೊಹು ಆ ಬೆಟ್ಟದೂರಿಗೆ ಹೋಗ್ತೀನಿ ಅಂದ್ಲು, ಮಕ್ಕಳನ್ನೂ ಕರ್ಕೊಂಡು. ನಾನು ಬೇಡ ಅಂದೆ. ಅವಳು ಹೋಗಿದ್ರೆ ಅವನೂ ಹೋಗ್ತಿದ್ದ. ಇಲ್ಲಿರ್ತಾನೇ ಇರಲಿಲ್ಲ."

ಗೋಡೆಯ ಆಚೆ ಯಾರೋ ಕೊಡ ಮುಳುಗಿಸಿದರು. ಗಳಗಳ ಸದ್ದು ಬಂದು ನಿಂತಿತು.

ಡಾಕ್ಟರು ಅರ್ಧ ತಿಂದ ಬರಾವನ್ನು ತಟ್ಟೆಯಲ್ಲಿಟ್ಟರು. "ಹಳೇ ಚೀಟಿ ಏನಾದ್ರೂ ಇದ್ರೆ ಕಳಿಸಿ, ನೋಡೋಣ," ಎಂದು, ಬೇಡವೆಂದರೂ ಕೇಳದೆ, ಚಪ್ಪಲಿ ಮೆಟ್ಟಿ ಹೊರಟುಹೋದರು.

ಬಿಂಬಾಧರ ತಾಯಿಯ ಮೇಲೆ ಎಂದೂ ಕೂಗಿದವನಲ್ಲ. ಅಂದು ಕೂಗಿದ. "ಬೇಕಾದ್ದು ಯಾವುದೂ ನೆನಪಿರಲ್ಲ ನಿಂಗೆ! ಬೆಳಿಗ್ಗೆ ಉಂಡಿದ್ದು ನೆನಪಿಲ್ಲ, ನನ್ನ ಹೆಸರು ನೆನಪಿಲ್ಲ, ಇದೊಂದು ನೆನಪಿದೆ!"

ಮುದುಕಿ ಅವನ ಮುಖವನ್ನೇ ನೋಡುತ್ತಾ, "ನೀನ್ಯಾರಪ್ಪಾ?" ಎಂದು ಮೆತ್ತಗೆ ಕೇಳಿದರು.

ಅವನು ಹಜಾರದ ಕುರ್ಚಿಯಲ್ಲಿ ಕೂತ. ಸುಕಾಂತಿ ಡಾಕ್ಟರ ತಟ್ಟೆ ತೆಗೆಯಲು ಬಂದಾಗ, ಅವಳ ಕಡೆ ನೋಡದೆ ಮಾತಾಡಿದ.

"ನಾನು ದಿನಾ ಬೆಳಿಗ್ಗೆ ಆ ಗೋಡೆ ನೋಡ್ತಾನೇ ಏಳ್ತೀನಿ. ನಿಮಗೆಲ್ಲ ನಾನು ಕಲ್ಲು ಅನ್ಸುತ್ತೆ."

"ಯಾರು ಹಾಗಂದ್ರು?"

"ಅನ್ನಬೇಕಾ? ಬರೆಸಿದೋನು ನಾನು. ಗೊತ್ತು ನಂಗೆ." ಅವನು ಕಣ್ಣು ಮುಚ್ಚಿ ಹಣೆ ಉಜ್ಜಿಕೊಂಡ. "ಸ್ಕೇಲು ಬಂದುಬಿಟ್ರೆ, ಬರೆಸಿದ್ದರಿಂದ ನಷ್ಟ ಏನೂ ಆಗಲಿಲ್ಲ ಅಂತ ಆದ್ರೂ ಆಗುತ್ತೆ. ಅವನೂ ಈ ಮನೆಯವನೇ ಅಲ್ವಾ ಸುಕಾಂತಿ? ಅವನಿಂದ ಮನೆಗೆ ಇಷ್ಟು ಉಪಕಾರ ಆಗಲಿ. ಅವನೇನು ಬೇಡ ಅಂತಾನಾ?"

ಸುಕಾಂತಿಗೆ ಗಂಡನ ಮೇಲೆ ಆ ಕ್ಷಣ ಸಿಟ್ಟು ಬರಲಿಲ್ಲ. ಅವನ ಕುತ್ತಿಗೆಯ ಹಿಂದೆ ಶಾಲು ಜಾರಿತ್ತು. ಸರಿಮಾಡಿದಳು. ತಟ್ಟೆ ತೆಗೆದುಕೊಂಡು ಒಳಗೆ ಹೋದಳು. ಉಳಿದಿದ್ದ ಬರಾಗಳನ್ನು ರಾತ್ರಿಗೆ ಯಾರೂ ಮುಟ್ಟಲಿಲ್ಲ.

ಅಡುಗೆಮನೆಯಲ್ಲಿ ಲಿಪಿ ಪಾತ್ರೆ ತೊಳೆಯುತ್ತಿದ್ದಳು. "ಮಾ, ನಿಂಗೆ ಹೋಗೋಕೆ ಇಷ್ಟಾನಾ?"

"ಅಜ್ಜಿಗೆ ಸ್ನಾನ ಮಾಡಿಸೋರು ಯಾರು? ನೀನು ಮುಟ್ಟಿದ್ರೂ ಕಿರುಚ್ತಾರೆ."

"ಅದಲ್ಲ ನಾನು ಕೇಳಿದ್ದು."

"ಆ ಬಾಣಲೆಗೆ ಇನ್ನೊಂದ್ಸಲ ಬೂದಿ ಹಾಕು, ಜಿಡ್ಡು ಹೋಗಿಲ್ಲ."

*

ಕೊನೆಯ ಗುರುವಾರ ಮಂಜು ದಟ್ಟವಾಗಿತ್ತು. ಹೊಸ್ತಿಲ ಬಳಿ ಬಟ್ಟಲು ಇಟ್ಟುಕೊಂಡು ಕೂತ ಸುಕಾಂತಿಗೆ ಹಿಂದಿನಿಂದ ಕಾಲೆಳೆಯುವ ಸದ್ದು ಕೇಳಿಸಿತು. ಅತ್ತೆ ಗೋಡೆ ಹಿಡಿದುಕೊಂಡು ಬಂದು, ಮಂಡಿ ಮಡಿಸಲಾರದೆ ಮಡಿಸಿ, ಅವಳ ಪಕ್ಕವೇ ನೆಲದ ಮೇಲೆ ಕೂತರು.

"ನೆಲ ತಣ್ಣಗಿದೆ ಅತ್ತೆ. ಮಣೆ ತರ್ತೀನಿ."

"ಬರಿ ನೀನು."

ಸುಕಾಂತಿ ಬರೆದಳು. ಪಾದದ ಆಕಾರ ಅವಳು ಎಳೆದರೆ, ಬೆರಳುಗಳ ಚುಕ್ಕಿಯನ್ನು ಮುದುಕಿ ತಮ್ಮ ಬೆರಳಿನಿಂದ ಇಟ್ಟರು. ಒಂದು, ಇನ್ನೊಂದು, ಮತ್ತೊಂದು. ಕೊನೆಯ ಚುಕ್ಕಿಯನ್ನು ಸಾಲಿನಿಂದ ಆಚೆಗೆ, ಸ್ವಲ್ಪ ಸೊಟ್ಟಗೆ ಇಟ್ಟರು. ಮುಂದಿನ ಹೆಜ್ಜೆಗೂ ಹಾಗೆಯೇ.

"ಸೊಟ್ಟ ಆಯ್ತು ಅತ್ತೆ."

"ನೀನೂ ಹಾಗೇ ಇಡ್ತೀಯಲ್ಲ, ಪ್ರತಿ ವರ್ಷ. ನಾನು ನೋಡಿಲ್ವಾ? ಅವನ ಕಿರುಬೆರಳು ಆಚೆಗೆ ವಾಲಿತ್ತು."

ಸುಕಾಂತಿ ತಾನೇ ಬರೆದ ಹಿಂದಿನ ಹೆಜ್ಜೆಗಳ ಕಡೆ ತಿರುಗಿದಳು. ದೀಪದ ಬೆಳಕಿನಲ್ಲಿ ಹೊಸ್ತಿಲಿನಿಂದ ಇಲ್ಲಿಯವರೆಗೆ ಅವು ಹಸಿಹಸಿಯಾಗಿ ಹೊಳೆಯುತ್ತಿದ್ದವು, ಈಗಷ್ಟೇ ನೀರಿನಿಂದ ಎದ್ದು ಬಂದ ಹಾಗೆ. ಪ್ರತಿಯೊಂದರಲ್ಲೂ ಕಿರುಬೆರಳು ಆಚೆಗೆ ವಾಲಿತ್ತು. ಇಷ್ಟು ವರ್ಷ ಅವಳ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಅವಳ ಸೆರಗಿನ ತುದಿಯನ್ನು ಮುದುಕಿ ಹಿಟ್ಟಿನ ಕೈಯಲ್ಲೇ ಹಿಡಿದುಕೊಂಡರು.

"ಮುಚ್ಚೇ ಇಟ್ಟಿರ್ತೀನಿ, ಆದ್ರೂ ಆ ಬಾಗಿಲು ತೆರೆದೇ ಕಾಣುತ್ತೆ ಬೊಹು. ಕಣ್ಣು ಮುಚ್ಚಿದ್ರೂ ಕಾಣುತ್ತೆ. ಅಗುಳಿ ಹಾಕಿದ್ದೀನಿ ಅಂತ ಗೊತ್ತು, ಆದ್ರೂ ಎದ್ದು ನೋಡಬೇಕು. ನೋಡಿ ಬಂದು ಮಲಗಿದ್ರೆ ಮತ್ತೆ ನೋಡಬೇಕು." ಸ್ವಲ್ಪ ಉಸಿರು ತೆಗೆದುಕೊಂಡರು. "ನೀನು ಆಗ ಹೋಗಬೇಕಿತ್ತು. ಒಲೆ ನಾನೇ ಉರಿಸ್ತಿದ್ದೆ. ಯಾಕೆ ನನ್ನ ಮಾತು ಕೇಳಿದೆ?"

ಸುಕಾಂತಿ ಸೆರಗನ್ನು ಬಿಡಿಸಿಕೊಳ್ಳಲಿಲ್ಲ. ಹಾಗೆಯೇ ಕೂತಿದ್ದಾಗ ಮುದುಕಿಯ ಮುಖದಿಂದ ಆ ಸ್ಪಷ್ಟತೆ ಮೆಲ್ಲಗೆ ಇಳಿದುಹೋಯಿತು. "ಹಿಟ್ಟು ಸಾಲುತ್ತಾ ಬೊಹು? ಯಾರ ಪೂಜೆ ಇದು?" ಎಂದರು.

*

ಅಂದು ಮಧ್ಯಾಹ್ನದ ಪಾಳಿಯಲ್ಲಿ, ಎರಡು ಹೆರಿಗೆಗಳ ನಡುವೆ ಬಿಡುವು ಸಿಕ್ಕಾಗ, ಸುಕಾಂತಿ ವಾರ್ಡಿನ ಹಿಂದಿನ ವರಾಂಡಕ್ಕೆ ಬಂದು ತಿಲೋತ್ತಮಾಗೆ ಫೋನು ಮಾಡಿದಳು. ಹಿಂದೆ ಸುಕಾಂತಿ ಬಡ್ತಿ ಬೇಡವೆಂದಾಗ ಪಟ್ಟಿಯಲ್ಲಿ ಅವಳ ಕೆಳಗಿದ್ದ, ಅವಳನ್ನು ಅಪಾ, ಅಂದರೆ ಅಕ್ಕ, ಎಂದೇ ಕರೆಯುವ ತಿಲೋತ್ತಮಾ, ಚಿಕ್ಕ ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಆ ಬೆಟ್ಟದ ಊರಿಗೆ ಹೋದವಳು ಅಲ್ಲೇ ನೆಲೆನಿಂತಿದ್ದಳು. ಮಗ ಈಗ ಕಾಲೇಜಿನಲ್ಲಿದ್ದ. ಅವನಿಗೆ ಎಷ್ಟು ವಯಸ್ಸೆಂದು ಸುಕಾಂತಿ ಎಂದೂ ಕೇಳಿರಲಿಲ್ಲ.

"ಸುಕಾಂತಿ ಅಪಾ! ಸೂರ್ಯ ಎಲ್ಲಿ ಹುಟ್ಟಿದ ಇವತ್ತು? ಪಟ್ಟಿ ನೋಡಿದೆ. ಬರ್ತಿದೀರಾ? ನಂಗೆ ಇಲ್ಲಿಂದ ವರ್ಗ ಆಗಿದೆ, ಬಂದ್ರೆ ನನ್ನ ಕ್ವಾರ್ಟರ್ಸೇ ನಿಮಗೆ ಸಿಗುತ್ತೆ."

"ಒಂದು ಕೇಳಬೇಕಿತ್ತು. ಕ್ವಾರ್ಟರ್ಸ್ ಹಿಂದೆ ಏನಿದೆ?"

"ಹಿಂದೆನಾ? ಬಂಡೆ. ಬಂಡೆ ಆದ ಮೇಲೆ ಗುಡ್ಡ."

"ಕೊಳ ಏನಾದ್ರೂ ಇದೆಯಾ? ಬಾವಿ?"

"ಕೊಳ ಎಲ್ಲಿಂದ ಬರುತ್ತೆ ಅಪಾ, ಇಲ್ಲಿ ಕುಡಿಯೋಕೇ ಪರದಾಟ! ನಲ್ಲೀಲಿ ದಿನ ಬಿಟ್ಟು ದಿನ ಬರುತ್ತೆ, ಅದೂ ದಾರದಷ್ಟು. ಬರೋದಾದ್ರೆ ಬಕೆಟ್ ಜಾಸ್ತಿ ತನ್ನಿ. ಇನ್ನೇನಕ್ಕೂ ತೊಂದರೆ ಇಲ್ಲ, ನೀರಿಗೊಂದೇ."

"ಮೆಟ್ಟಿಲು ಎಷ್ಟಿದೆ ಬಾಗಿಲಿಗೆ?"

"ಒಂದೇ. ಯಾಕೆ, ಮಂಡಿ ನೋವು ಶುರುವಾಯ್ತಾ ನಿಮಗೂ?"

"ಹೂಂ," ಎಂದಳು ಸುಕಾಂತಿ. "ಚಳಿ ಹೇಗೆ?"

"ಚಳಿ ಜೋರು. ದಪ್ಪ ಶಾಲು ಬೇಕು. ಅಪಾ, ಬರ್ತಿದೀರಾ ಇಲ್ವಾ, ಹೇಳಿ!"

ಒಳಗಿನಿಂದ ಆಯಾ ಕೂಗಿದಳು. ಸುಕಾಂತಿ ಫೋನು ಇಟ್ಟು ಒಳಗೆ ಹೋದಳು.

*

ಶುಕ್ರವಾರ ಬೆಳಿಗ್ಗೆ ಬಿಂಬಾಧರ ತಾನೇ ಅವಳ ಡ್ಯೂಟಿಯ ಚೀಲದಲ್ಲಿ ಕಾಗದ ಇಟ್ಟ. ಡಾಕ್ಟರ ಚೀಟಿ ಇಲ್ಲದಿದ್ದರೂ ನಂದಬಾಬು ಹೇಗೋ ಸಾಗಿಸುತ್ತಾನೆ ಎಂದ. "ಇವತ್ತೇ ಕೊನೆ ದಿನ. ಸಹಿ ಹಾಕಿ ಅವನ ಕೈಗೇ ಕೊಡು. ಮರೀಬೇಡ."

"ಮರೆಯಲ್ಲ," ಎಂದಳು ಸುಕಾಂತಿ.

ಇನ್ನೂ ಸ್ವಲ್ಪ ಹೊತ್ತಿತ್ತು. ಅವಳು ಕಬ್ಬಿಣದ ಪೆಟ್ಟಿಗೆ ತೆಗೆದು, ತಳದಲ್ಲಿದ್ದ ಎರಡು ದಪ್ಪ ಉಣ್ಣೆಯ ಶಾಲುಗಳನ್ನು ಹೊರಗೆಳೆದಳು. ಒಂದು ಅವಳದು, ಇನ್ನೊಂದು ಅತ್ತೆಯದು. ಅವನ್ನು ಹೆಗಲ ಮೇಲೆ ಹಾಕಿಕೊಂಡು ಮಾಳಿಗೆ ಹತ್ತಿ, ಕೊಡವಿ, ತುಕ್ಕು ಹಿಡಿದ ಕಂಬಿಗಳ ನಡುವೆ ಲಿಪಿ ಕಟ್ಟಿದ್ದ ಹಗ್ಗದ ಮೇಲೆ ಹರಡಿದಳು. ನುಸಿಗುಳಿಗೆಯ ವಾಸನೆ ಬಿಸಿಲಿಗೆ ಎದ್ದಿತು. ಬಡಿಗಳು ಒಣಗಿ ಕಲ್ಲಾಗಿದ್ದವು. ಒಂದು ಡಬ್ಬಿಗೆ ಆಗುವಷ್ಟನ್ನು ಬೇರೆ ತೆಗೆದಿಟ್ಟಳು. ಅತ್ತೆಗೆ ಬಡಿಯಿಲ್ಲದೆ ಅನ್ನ ಇಳಿಯುವುದಿಲ್ಲ.

ಕೆಳಗಿನಿಂದ ಬಿಂಬಾಧರ ತಲೆಯೆತ್ತಿ ನೋಡಿದ. "ಇಲ್ಲಿನ ಚಳಿಗೆ ಅಷ್ಟು ದಪ್ಪ ಶಾಲು ಬೇಕಾಗಲ್ಲ. ಈಗ ಯಾಕೆ ಅವನ್ನ ಬಿಸಿಲಿಗೆ ಹಾಕಿದೆ?"

"ಮುಗ್ಗಲು ವಾಸನೆ ಬಂದಿತ್ತು."

ಲಿಪಿ ಮಾಳಿಗೆಯ ಮೆಟ್ಟಿಲ ಮೇಲೆ ನಿಂತು ಶಾಲುಗಳನ್ನೂ ಅಮ್ಮನ ಮುಖವನ್ನೂ ಒಮ್ಮೆ ನೋಡಿದಳು. ಆಮೇಲೆ ಅಜ್ಜಿಗೆ ಹಾಲು ಕೊಡಲು ಹೋದಳು.

ಸುಕಾಂತಿ ಚೀಲ ಹೆಗಲಿಗೆ ಹಾಕಿಕೊಂಡು ನಡುಮನೆ ದಾಟಿದಳು. ನಿನ್ನೆಯ ಹೆಜ್ಜೆಗಳು ಒಣಗಿ ನೆಲಕ್ಕೆ ಅಂಟಿದ್ದವು. ಒಂದನ್ನೂ ತುಳಿಯದೆ ಬದಿಯಿಂದ ನಡೆದಳು. ಮಂಚದ ಮೇಲಿಂದ ಮುದುಕಿ ಕರೆದರು.

"ಬೊಹು, ಹಿತ್ತಿಲ ಬಾಗಿಲು ಹಾಕಿದೀಯಾ?"

"ಹಾಕಿದೆ ಅತ್ತೆ."

"ಅಗುಳಿ?"

ಇನ್ನು ಸ್ವಲ್ಪ ದಿನ ಅಷ್ಟೆ, ಅಲ್ಲಿ ಮನೆ ಹಿಂದೆ ಬರೀ ಬಂಡೆ ಎನ್ನುವ ಮಾತು ಸುಕಾಂತಿಯ ನಾಲಿಗೆಯ ತುದಿಯವರೆಗೆ ಬಂತು. ಹಿತ್ತಿಲಿಗೆ ಹೋಗಿ, ಹಾಕಿದ್ದ ಅಗುಳಿಯನ್ನೇ ತೆಗೆದು ಮತ್ತೊಮ್ಮೆ, ಮಂಚದವರೆಗೂ ಕೇಳಿಸುವ ಹಾಗೆ ಸದ್ದು ಮಾಡಿ ಹಾಕಿ, ಹೊರಟಳು.